ಸಫಾರಿಗೆ ಎಷ್ಟು ದಿನ ಬೇಕು? ರಾತ್ರಿ ಎಣಿಸಬೇಡಿ, ಸುತ್ತು ಎಣಿಸಿ

ಮುಂಬಯಿಯ ಮಾಟುಂಗದಲ್ಲಿ ಪ್ರವಾಸ ಏರ್ಪಡಿಸುವ ಕಚೇರಿಯಲ್ಲಿ ನನ್ನ ಕೆಲಸ. ಡೊಂಬಿವಲಿ, ಮುಲುಂಡ್, ಠಾಣೆ ಕಡೆಯ ಕನ್ನಡದ ಮನೆಗಳ ಫೋನೆಲ್ಲ ನನ್ನ ಮೇಜಿಗೇ ಬರುತ್ತದೆ. ಹುಲಿ ನೋಡಬೇಕೆನ್ನುವವರು ಸಾಮಾನ್ಯವಾಗಿ ಕೇಳುವುದು ಒಂದೇ: "ಶನಿವಾರ, ಭಾನುವಾರದಲ್ಲಿ ತಾಡೋಬಾ ಮುಗಿಸ್ಕೊಂಡು ಬರಬಹುದಲ್ವಾ?"

ಹೋಗಿ ಬರಬಹುದು. ಆದರೆ ಕಾಡಿನೊಳಗೆ ಎಷ್ಟು ಹೊತ್ತು ಇರುತ್ತೀರಿ? ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ನಾಗ್ಪುರ. ಅಲ್ಲಿಂದ ಚಂದ್ರಪುರ ಜಿಲ್ಲೆಯ ತಾಡೋಬಾ ಹುಲಿ ಕಾಡಿನ ಮೊಹರ್ಲಿ ಗೇಟಿಗೆ ಕಾರಿನಲ್ಲಿ ಇನ್ನೂ ಮೂರು ತಾಸಿನ ಹತ್ತಿರ. ಒಳಗೆ ಬಿಡುವುದು ದಿನಕ್ಕೆ ಎರಡೇ ಸಲ, ಬೆಳಿಗ್ಗೆ ಒಮ್ಮೆ, ಮಧ್ಯಾಹ್ನದ ಮೇಲೆ ಒಮ್ಮೆ. ಒಂದು ರಾತ್ರಿ ಉಳಿದರೆ ಹೆಚ್ಚೆಂದರೆ ಎರಡು ಸಫಾರಿ, ಅಂದರೆ ಎರಡು ಸುತ್ತು. ರೈಲು ತಡವಾಯಿತೋ, ಒಂದೇ.

ಮೂರು ರಾತ್ರಿ, ನಾಲ್ಕೈದು ಸಫಾರಿ, ಒಂದೇ ಕಾಡು. ನಾನು ಹೇಳುವುದು ಇಷ್ಟೇ, ಮತ್ತು ಇದನ್ನು ಹಟ ಹಿಡಿದು ಹೇಳುತ್ತೇನೆ.

ಏಕೆಂದರೆ ಹುಲಿ ಕಾಣುವುದು ಓಡಾಟದಿಂದಲ್ಲ, ಕಾಯುವುದರಿಂದ. ಜಿಪ್ಸಿ ನಿಲ್ಲಿಸಿ ಎಂಜಿನ್ ಆರಿಸಲು ಗೈಡ್ ಡ್ರೈವರನಿಗೆ ಹೇಳುತ್ತಾನೆ. ದಾರಿಯ ಧೂಳಿನಲ್ಲಿ ಹೆಜ್ಜೆ ಗುರುತು ಇನ್ನೂ ಹೊಸದು. ಮರದ ಮೇಲೆ ಮುಸುವ ಒರಲುತ್ತದೆ. ಬಿದಿರಿನ ಆಚೆ ಜಿಂಕೆ ಒಂದು ಸಲ ಕೂಗಿ ಸುಮ್ಮನಾಗುತ್ತದೆ, ಮತ್ತೆ ಕೂಗುತ್ತದೆ. ಹುಲಿ ಹತ್ತಿರವೇ ಇರಬಹುದು ಎಂಬ ಸುಳಿವು ಇವೆಲ್ಲ, ಇಲ್ಲಿ ಅರ್ಧ ತಾಸು ಕೂರಬೇಕು. ಕೈಯಲ್ಲಿ ಇನ್ನೂ ಮೂರು ಸುತ್ತು ಇರುವವರು ಕೂರುತ್ತಾರೆ. ಇದೊಂದೇ ಸಫಾರಿ ಎಂದು ಬಂದವರು ಹತ್ತು ನಿಮಿಷಕ್ಕೇ "ಬೇರೆ ಕಡೆ ನೋಡೋಣ ನಡೀರಿ" ಎನ್ನುತ್ತಾರೆ. ಗೈಡ್ ಏನು ಮಾಡಿಯಾನು, ಗಾಡಿ ಹೊರಡಿಸುತ್ತಾನೆ.

ಮೊನ್ನೆ ಮುಲುಂಡ್‌ನ ನಿವೃತ್ತ ಬ್ಯಾಂಕ್ ನೌಕರರೊಬ್ಬರು ನಾಲ್ಕು ದಿನದಲ್ಲಿ ತಾಡೋಬಾ, ಪೆಂಚ್, ಕಾನ್ಹಾ ಮೂರು ಕಾಡನ್ನೂ ಕೇಳಿದರು. "ಸಾರ್, ನೀವು ಕಾಡಿಗಿಂತ ಹೆಚ್ಚು ಹೈವೇನೇ ನೋಡ್ತೀರಿ" ಎಂದೆ. ಮನೆಯವರಿಗೆ ಬೆನ್ನುನೋವು ಎಂದು ಆಮೇಲೆ ತಿಳಿಯಿತು. ತಾಡೋಬಾ ಮಾತ್ರ ಇಟ್ಟು, ಎರಡನೇ ದಿನದ ಮಧ್ಯಾಹ್ನ ಖಾಲಿ ಬಿಟ್ಟೆ. ವಯಸ್ಸಾದವರು, ಚಿಕ್ಕ ಮಕ್ಕಳು ಇದ್ದರೆ ಆ ಬಿಡುವು ಬೇಕೇ ಬೇಕು. ನಸುಕಿಗೆ ಎದ್ದು ಮಣ್ಣಿನ ದಾರಿಯಲ್ಲಿ ಕುಲುಕಾಡಿ ಬಂದ ಮೈ ಅದು.

ಖರ್ಚು ಹೆಚ್ಚಾಗುತ್ತದಲ್ಲ ಎಂದರೆ, ರೆಸಾರ್ಟ್ ಸಾಧಾರಣದ್ದು ಹಿಡಿಯಿರಿ, ಆ ಹಣವನ್ನು ಇನ್ನೊಂದು ಸುತ್ತಿಗೆ ಹಾಕಿ. ಕೋರ್‌ನಲ್ಲಿ, ಅಂದರೆ ಕಾಡಿನ ನಡುಭಾಗದಲ್ಲಿ, ಸೀಟು ಸಿಗದಿದ್ದರೆ ಅಗರ್‌ಝರಿಯಂಥ ಬಫರ್ ಗೇಟನ್ನು, ಅಂದರೆ ಸುತ್ತಲಿನ ಅಂಚಿನ ಕಾಡಿನ ಗೇಟನ್ನು, ಕಡೆಗಣಿಸಬೇಡಿ, ಹುಲಿಗೆ ಕೋರ್, ಬಫರ್ ಎಂಬ ಗಡಿಯಿಲ್ಲ. ಮಂಗಳವಾರ ತಾಡೋಬಾಕ್ಕೆ ರಜೆ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಕೋರ್ ಮುಚ್ಚಿರುತ್ತದೆ.

ಕೀನ್ಯಾಕ್ಕೂ ಇದೇ ಲೆಕ್ಕ. ನೈರೋಬಿಯಿಂದ ಮಸಾಯಿ ಮಾರಾಕ್ಕೆ ರಸ್ತೆಯಲ್ಲಿ ಐದಾರು ತಾಸು. ಐದು ದಿನಕ್ಕೆ ಮಾರಾ, ನಕುರು, ಅಂಬೋಸೆಲಿ ಮೂರನ್ನೂ ತುರುಕಿದರೆ ಉಳಿಯುವುದು ಸೊಂಟನೋವು. ಮಾರಾದಲ್ಲೇ ಮೂರು ರಾತ್ರಿ ಇರಿ.

ಹಿಂತಿರುಗುವ ಟಿಕೆಟ್ ಬಗ್ಗೆಯೂ ಒಂದು ಮಾತು. ನಾಗ್ಪುರದಿಂದ ಮಧ್ಯಾಹ್ನದ ವಿಮಾನ ಹಿಡಿದವರು ಕೊನೆಯ ಸಫಾರಿಯುದ್ದಕ್ಕೂ ಗಡಿಯಾರ ನೋಡುತ್ತಿರುತ್ತಾರೆ. ನಾನು ರಾತ್ರಿಯ ರೈಲನ್ನೇ ಬುಕ್ ಮಾಡುತ್ತೇನೆ.