ಮಣ್ಣಿನಲ್ಲಿ ಉಳಿದ ಕಂಬ

ಪುರಾತತ್ವ ವಿದ್ಯಾರ್ಥಿಯಾಗಿ ನನ್ನ ಮೊದಲ ಉತ್ಖನನದ ಎರಡನೇ ವಾರ. ಗುಂಡಿಯ ತಳದಲ್ಲಿ ಕೂತು ಕರಣೆಯಿಂದ ಮೆಲ್ಲಗೆ ಮಣ್ಣು ಕೆರೆಯುತ್ತಿದ್ದೆ. ಹಳದಿ ಮಣ್ಣಿನ ನಡುವೆ ತಟ್ಟೆಯಷ್ಟು ಅಗಲದ ಕಪ್ಪು ಗುರುತು ಕಂಡಿತು. ಮೇಡಂ ಬಗ್ಗಿ ನೋಡಿ, ‘ಇಲ್ಲಿ ಕಂಬ ನೆಟ್ಟಿದ್ದರು’ ಎಂದರು. ಮರ ಎಂದೋ ಕೊಳೆತು ಹೋಗಿದೆ. ಕಂಬದ ಗುಳಿಯಲ್ಲಿ ತುಂಬಿಕೊಂಡ ಮಣ್ಣಿನ ಬಣ್ಣ ಮಾತ್ರ ಉಳಿದಿದೆ. ಅಂಥವೇ ಇನ್ನೂ ನಾಲ್ಕು ಸಾಲಾಗಿ ಸಿಕ್ಕವು. ಸಂಜೆಯ ಹೊತ್ತಿಗೆ ನನಗೆ ಅಲ್ಲೊಂದು ಗೋಡೆ ಕಾಣತೊಡಗಿತ್ತು.

ಒಮ್ಮೆ ಅಗೆದದ್ದನ್ನು ಮತ್ತೆ ಅಗೆಯಲು ಆಗುವುದಿಲ್ಲ, ಅಲ್ವಾ? ಅದಕ್ಕೇ ನಮಗೆ ಅಗೆಯುವುದಕ್ಕಿಂತ ಬರೆಯುವ ಕೆಲಸ ಜಾಸ್ತಿ. ಯಾವ ಪದರ, ಎಷ್ಟು ಆಳ, ಯಾವ ಬಣ್ಣ, ಎಲ್ಲವೂ. ಒಂದು ದಿನ ಮಡಕೆ ಚೂರುಗಳ ಚೀಲಕ್ಕೆ ಚೀಟಿ ಹಾಕುವುದನ್ನು ಮರೆತೆ. ಚೂರುಗಳು ಹಾಗೇ ಇದ್ದವು. ಆದರೆ ಎಲ್ಲಿಯವು ಎಂದು ಯಾರೂ ಹೇಳಲಾಗದ ಸ್ಥಿತಿ. ಆ ರಾತ್ರಿ ನಿದ್ದೆ ಬರಲಿಲ್ಲ.

ಪುರಾತತ್ವದ ಜೊತೆಗೆ ಮಾನವಶಾಸ್ತ್ರವನ್ನೂ ಯಾಕೆ ಓದಬೇಕು ಎಂಬುದು ನನಗೆ ಅರ್ಥವಾಗಿದ್ದು ಅಮೆರಿಕದ ಪುರಾತತ್ವಜ್ಞ ಲೂಯಿಸ್ ಬಿನ್‌ಫೋರ್ಡ್ ಮಾಡಿದ ಕೆಲಸದಿಂದ. ಫ್ರಾನ್ಸಿನಲ್ಲಿ ಸಿಕ್ಕ, ನಿಯಾಂಡರ್ತಾಲ್ ಎಂಬ ಪ್ರಾಚೀನ ಮಾನವರ ಕಾಲದ ಮೂಳೆಗಳನ್ನು ಎಷ್ಟು ಎಣಿಸಿದರೂ ಆ ಜನ ಹೇಗೆ ಬದುಕಿದ್ದರು ಎಂಬುದಕ್ಕೆ ಅವರಿಗೆ ಉತ್ತರ ಸಿಗಲಿಲ್ಲ. 1969ರಲ್ಲಿ ಅಲಾಸ್ಕಾಗೆ ಹೋಗಿ ನುನಮಿಯುಟ್ ಬೇಟೆಗಾರರ ಜೊತೆ ಇದ್ದು ನೋಡತೊಡಗಿದರು. ಬೆಂಕಿಯ ಸುತ್ತ ಕೂತವರು ಮೂಳೆ ಒಡೆದು ಮಜ್ಜೆ ತಿನ್ನುವಾಗ ಸಣ್ಣ ಚೂರುಗಳು ಕೂತಲ್ಲೇ ಬೀಳುತ್ತಿದ್ದವು. ದೊಡ್ಡ ಮೂಳೆಗಳನ್ನು ಬೆಂಕಿಯ ಆಚೆಗೋ ಬೆನ್ನ ಹಿಂದಕ್ಕೋ ಎಸೆಯುತ್ತಿದ್ದರು. ಅಂದರೆ ಮನುಷ್ಯರು ಎದ್ದು ಹೋದ ಮೇಲೂ ಅವರು ಕೂತಿದ್ದ ಜಾಗ ನೆಲದ ಮೇಲೆ ಉಳಿಯುತ್ತದೆ! ಇದನ್ನು ಓದಿದ ದಿನ ನನ್ನ ಹಳೆಯ ನೋಟ್ಸ್ ಎಲ್ಲ ತೆಗೆದು ಮತ್ತೆ ನೋಡಿದೆ.

ಇದು ಹಿಮ್ಮುಖವಾಗಿಯೂ ನಡೆಯುತ್ತದೆ: ಪುರಾತತ್ವದ ರೀತಿಯಿಂದ ಈಗ ಬದುಕಿರುವ ಜನರನ್ನೂ ಅರಿಯಬಹುದು. 1973ರಲ್ಲಿ ಪುರಾತತ್ವಜ್ಞ ವಿಲಿಯಂ ರಾತ್ಯೆ ಅಮೆರಿಕದ ಟೂಸಾನ್ ಊರಿನ ಮನೆಗಳ ಕಸವನ್ನು ಪುರಾತತ್ವದ ರೀತಿಯಲ್ಲೇ ವಿಂಗಡಿಸಲು ಶುರು ಮಾಡಿದರು. ಎಷ್ಟು ಕುಡಿಯುತ್ತೀರಿ ಎಂದು ಕೇಳಿದಾಗ ಜನ ಹೇಳಿದ್ದಕ್ಕಿಂತ ಜಾಸ್ತಿ ಬಿಯರ್ ಡಬ್ಬಿಗಳು ಕಸದಲ್ಲಿದ್ದವು. ಅವರೆಲ್ಲ ಬೇಕೆಂದೇ ಸುಳ್ಳು ಹೇಳಿದರು ಎಂದು ನನಗನ್ನಿಸುವುದಿಲ್ಲ. ನಮ್ಮ ದಿನಗಳು ನಮಗೇ ಪೂರ್ತಿ ನೆನಪಿರುವುದಿಲ್ಲ. ಹಾಗಾಗಿ ಕೇಳಲೂ ಬೇಕು, ಕೆದಕಲೂ ಬೇಕು.

ಈ ಸಲದ ಗುಂಡಿಯಲ್ಲಿ ಒಂದು ಒಲೆ ಸಿಕ್ಕಿದೆ. ಸುತ್ತಲೂ ಬೂದಿ. ಒಂದು ಬದಿಯಲ್ಲಿ ಬೆರಳಿನ ಉಗುರಿನಷ್ಟು ಸಣ್ಣ ಮೂಳೆ ಚೂರುಗಳು ಒತ್ತೊತ್ತಾಗಿವೆ. ಅಲ್ಲೇ ಯಾರೋ ಕೂತಿದ್ದರಾ? ಒಲೆಯ ಆಚೆ ಬದಿಯನ್ನು ಇನ್ನೂ ಮುಟ್ಟಿಲ್ಲ. ನಾಳೆ ಬೆಳಿಗ್ಗೆ ಅಲ್ಲಿಂದಲೇ ಶುರು. ಚೀಟಿಗಳನ್ನು ಈಗಲೇ ಬರೆದಿಟ್ಟುಕೊಂಡಿದ್ದೇನೆ.