ಇಸಿಜಿ ನಾರ್ಮಲ್ಲು

"ಹಾಗಾದ್ರೆ ನಾನು ನಾಟಕ ಮಾಡಿದ್ನಾ ಚಿಕ್ಕಮ್ಮ?"

ಮಂಗಳವಾರ ಆಟೋದಲ್ಲಿ ಅಕ್ಕನ ಮಗಳು ಹೀಗೆ ಕೇಳಿದಾಗಿನಿಂದ ನನ್ನ ತಲೆಯಲ್ಲಿ ಬೇರೇನೂ ನಿಲ್ಲುತ್ತಿಲ್ಲ. ಎಸ್ಸೆಸ್ಸೆಲ್ಸಿ ಪ್ರಿಪರೇಟರಿ, ಗಣಿತದ ಪೇಪರು. ಬರೆಯೋಕೆ ಕೂತ ಸ್ವಲ್ಪ ಹೊತ್ತಿಗೇ ಎದೆ ಡವಡವ, ಉಸಿರು ಸಿಗುತ್ತಿಲ್ಲ, ಬೆರಳುಗಳು ಸೆಟೆದುಕೊಂಡು ಪೆನ್ನು ಕೆಳಗೆ. "ಸತ್ತೋಗ್ತೀನಿ ಮಿಸ್" ಅಂತ ಕೂಗಿದಳಂತೆ. ಅಕ್ಕ, ಭಾವ ಇಬ್ಬರೂ ಆಫೀಸಿನಲ್ಲಿ. ಸ್ಕೂಲಿಗೆ ಹತ್ತಿರದಲ್ಲಿರುವವಳು ನಾನೇ.

ನರ್ಸಿಂಗ್ ಹೋಮಿನಲ್ಲಿ ಬಿಪಿ, ಶುಗರ್, ಇಸಿಜಿ ಎಲ್ಲಾ ಆಯಿತು. ಡ್ಯೂಟಿ ಡಾಕ್ಟರು ಕಾಗದದ ಪಟ್ಟಿಯ ಮೇಲೆ ಕಣ್ಣಾಡಿಸಿ, "ನಾರ್ಮಲ್ ಇದೆ. ಏನೂ ಇಲ್ಲ, ಕರ್ಕೊಂಡು ಹೋಗಿ" ಅಂದರು. ನನಗೆ ಹೋದ ಜೀವ ಬಂತು. ಇವಳ ಮುಖ ಮಾತ್ರ ಇಳಿದುಹೋಯಿತು. ಆಗ ಯಾಕೆ ಅಂತ ಹೊಳೆಯಲಿಲ್ಲ, ಆಟೋದಲ್ಲಿ ಅವಳೇ ಕೇಳಿದಳು.

ಡಾಕ್ಟರದು ತಪ್ಪು ಅನ್ನುತ್ತಿಲ್ಲ. ಹೃದಯದ ತೊಂದರೆ ಅಲ್ಲ ಅಂತ ಮೊದಲು ಖಾತ್ರಿ ಮಾಡಿಕೊಳ್ಳಲೇಬೇಕು, ಅದನ್ನು ಮಾಡಿದರು. ಆದರೆ ಸತ್ತೇಹೋಗುತ್ತೇನೆ ಅಂತ ನಡುಗಿದ ಹುಡುಗಿಯ ಎದುರಿಗೆ "ಇದು ಪ್ಯಾನಿಕ್ ಅಟ್ಯಾಕ್ ಕಣಮ್ಮ, ಪ್ರಾಣಕ್ಕೇನೂ ಅಪಾಯವಿಲ್ಲ, ಆದರೆ ನಿನಗಾಗಿದ್ದು ನಿಜ" ಅನ್ನುವುದಕ್ಕೆ ಎಷ್ಟು ಹೊತ್ತು ಬೇಕಿತ್ತು?

ನಾಟಕ ಮಾಡಿ ಯಾರೂ ಬೆರಳನ್ನು ಹಾಗೆ ಸೆಟೆಸಿಕೊಳ್ಳಲಾರರು. ಭಯ ಹತ್ತಿದಾಗ ಅಡ್ರಿನಲಿನ್ ನುಗ್ಗಿ ಉಸಿರಾಟ ಜೋರಾಗುತ್ತದೆ. ಅದು ಜೋರಾದಷ್ಟೂ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ, ರಕ್ತದ ಕ್ಷಾರತೆ ಏರುತ್ತದೆ, ಕ್ಯಾಲ್ಸಿಯಂ ಹದ ತಪ್ಪಿ ಕೈಬೆರಳು ಜುಮುಜುಮು ಅಂದು ಬಿಗಿದುಕೊಳ್ಳುತ್ತವೆ, ತಲೆ ಸುತ್ತುತ್ತದೆ. ಉಸಿರೇ ಸಾಲುತ್ತಿಲ್ಲ ಅನ್ನಿಸುವುದು ಉಸಿರು ಅತಿಯಾದಾಗ! ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಅದರ ಅಬ್ಬರ ತುತ್ತತುದಿ ಮುಟ್ಟಿ, ಆಮೇಲೆ ತಾನಾಗಿ ಇಳಿಯುತ್ತದೆ. ಗುರುವಾರ ಕೌನ್ಸೆಲರ್ ಇದನ್ನೆಲ್ಲ ಬಿಡಿಸಿ ಹೇಳಿದಾಗ ಇವಳು ನೆಟ್ಟಗೆ ಕೂತಳು. "ಇದು ನಮ್ಮ ಆಮ್ಲ ಪ್ರತ್ಯಾಮ್ಲ ಪಾಠಾನೇ ಅಲ್ವಾ" ಅಂದಳು. ಮಂಗಳವಾರದಿಂದ ಅವಳ ಮುಖದಲ್ಲಿ ಕಳೆ ಕಂಡಿದ್ದು ಆಗಲೇ. ಎರಡು ದಿನ ನಾವು ಸುರಿದಿದ್ದ ಧೈರ್ಯದ ಮಾತುಗಳಿಂದ ಆಗದೇ ಇದ್ದದ್ದು ಅದು.

ಆ ಧೈರ್ಯದ ಮಾತುಗಳೋ! ಭಾವನ ಪ್ರಕಾರ ಎಲ್ಲಕ್ಕೂ ಮೊಬೈಲೇ ಕಾರಣ. ಅವರಿಗೆ ಮನೆಯ ನಲ್ಲಿ ಸೋರಿದರೂ ಮೊಬೈಲೇ ಕಾರಣ, ಬಿಡಿ. ನಾನೂ ಸುಮ್ಮನಿರಲಿಲ್ಲ: "ಪರೀಕ್ಷೆ-1 ಹೋದ್ರೆ ಪರೀಕ್ಷೆ-2 ಇದೆಯಲ್ಲ ಪುಟ್ಟಿ" ಅಂದೆ. "ಅಂದ್ರೆ ಎರಡು ಸಲ ಹೆದರ್ಬೇಕಾ?" ಅಂದಳು. ಉತ್ತರವಿರಲಿಲ್ಲ. ಅವಳ ಅಜ್ಜಿ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ ಮನೆಮಂದಿಯನ್ನೆಲ್ಲ ಕೆಮ್ಮಿಸಿದರು. ಆದರೂ ನಮ್ಮೆಲ್ಲರಿಗಿಂತ ಸರಿಯಾಗಿ ನಡೆದುಕೊಂಡವರು ಆ ಅಜ್ಜಿಯೇ. ರಾತ್ರಿ ಮತ್ತೆ ಎದೆ ಹೊಡೆದುಕೊಳ್ಳಲು ಶುರುವಾದಾಗ ಪಕ್ಕದಲ್ಲಿ ಕೂತು ಬೆನ್ನು ಸವರಿದರು. ಯಾಕೆ, ಏನು ಅಂತ ಒಂದು ಪ್ರಶ್ನೆಯಿಲ್ಲ. ಮೆಲ್ಲಗೆ ಉಸಿರು ತಗೊಂಡು ಅದಕ್ಕಿಂತ ನಿಧಾನವಾಗಿ ಬಿಡು ಅಂತ ಕೌನ್ಸೆಲರ್ ಆಮೇಲೆ ಕಲಿಸಿದ್ದನ್ನು, ಆ ಮುದುಕಿ ತಾನೇ ಜೋರಾಗಿ ನಿಟ್ಟುಸಿರು ಬಿಡುತ್ತಾ ಆವತ್ತೇ ಮಾಡಿಸಿಬಿಟ್ಟಿದ್ದರು.

ಅದೇ ರಾತ್ರಿ 14416ಕ್ಕೆ ಫೋನ್ ಮಾಡಿದ್ದೆ. ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ಅದರ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸ್. ಕನ್ನಡದಲ್ಲೇ ಮಾತಾಡಿದರು. ಪರೀಕ್ಷೆಗೆ ತಲೆ ಕೆಡಿಸಿಕೊಳ್ಳುವ ಮಕ್ಕಳಿರುವ ಮನೆಯ ಫ್ರಿಜ್ ಮೇಲೆ ಗ್ಯಾಸ್ ಬುಕಿಂಗ್ ನಂಬರಿನ ಪಕ್ಕ ಇದೂ ಇರಲಿ.

ಅಕ್ಕನದು ಇನ್ನೊಂದು ವಾದ. "ಮಾರ್ಚ್‌ವರೆಗೂ ಮನೇಲೇ ಓದಲಿ, ಸ್ಕೂಲು ಬೇಡ." ತಾಯಿಕರುಳು, ಅರ್ಥವಾಗುತ್ತದೆ. ಆದರೆ ಹೆದರಿಸಿದ ಜಾಗಕ್ಕೆ ಹೋಗದೆ ಇದ್ದರೆ ಆ ದಿನಕ್ಕೆ ನೆಮ್ಮದಿ, ಮಾರನೇ ದಿನಕ್ಕೆ ಆ ಜಾಗ ಇನ್ನಷ್ಟು ಭಯಂಕರ. ಸೋಮವಾರ ಮಾತ್ರ ಹೊಟ್ಟೆನೋವು ಬರುವ ಮಕ್ಕಳ ಕಥೆ ಎಷ್ಟೋ ಸಲ ಹೀಗೇ ಬೆಳೆಯುತ್ತದೆ. ಕೌನ್ಸೆಲರ್ ಹೇಳಿದ ದಾರಿ ಬೇರೆ: ಮೊದಲು ಖಾಲಿ ಎಕ್ಸಾಮ್ ಹಾಲ್‌ನಲ್ಲಿ ಸುಮ್ಮನೆ ಕೂತು ಬರುವುದು, ಆಮೇಲೆ ಬಾಗಿಲ ಹತ್ತಿರದ ಬೆಂಚಿನಲ್ಲಿ ಬರೆಯುವುದು, ತಡೆಯಲಾಗದಿದ್ದರೆ ಹೊರಗೆ ಬಂದು ಉಸಿರು ಹದವಾದ ಮೇಲೆ ಮತ್ತೆ ಒಳಗೆ ಹೋಗುವುದು.

ಸ್ಕೂಲಿನವರು ಬೆಂಚು ಕೊಡಲು ಒಪ್ಪಿದರು. ಒಪ್ಪಿಸಲು ಹೋದಾಗ ಗೊತ್ತಾಯಿತು, ದಿನಾ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಅಲ್ಲಿ ಇನ್ನೊಂದು ಪಾರಾಯಣ ಇದೆ ಅಂತ. 2023ರಲ್ಲಿ ರಾಜ್ಯದ ಫಲಿತಾಂಶ ಶೇ. 83.89, ಪರೀಕ್ಷಾ ಕೊಠಡಿಯನ್ನು ಕ್ಯಾಮೆರಾದಲ್ಲಿ ನೇರವಾಗಿ ನೋಡುವ ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ ಗ್ರೇಸ್ ಅಂಕ ಹೆಚ್ಚಿಸಿದರೂ 73.40, ಹುಷಾರ್, ಕ್ಯಾಮೆರಾ ನೋಡ್ತಿರತ್ತೆ. ಕಾಪಿ ಹೊಡೆಯುವವರನ್ನು ಹೆದರಿಸಲು ಹೇಳುವ ಮಾತು ಇದು. ಅವರು ಹಿಂದೆ ನಿಂತು ನಗುತ್ತಿರುತ್ತಾರೆ, ಹೆದರುವುದು ಇಂಥ ಹುಡುಗಿಯರು.

ಶನಿವಾರ ವಿಜ್ಞಾನದ ಪೇಪರಿನ ನಡುವೆ ಒಮ್ಮೆ ಹೊರಗೆ ಬಂದಳಂತೆ, ಮತ್ತೆ ಒಳಗೆ ಹೋದಳಂತೆ. ಕೊನೆಯ ಪ್ರಶ್ನೆ ಬಿಟ್ಟುಹೋಯಿತಂತೆ. ಗೇಟಿನ ಹತ್ತಿರ ಅಕ್ಕ ಕೇಳಿದ್ದು ಆ ಬಿಟ್ಟುಹೋದ ಪ್ರಶ್ನೆ ಎಷ್ಟು ಮಾರ್ಕಿನದು ಅಂತ. ಭಾವ ಇನ್ನೂ ಬಂದವರಿಗೆಲ್ಲ ಇಸಿಜಿ ತೋರಿಸಿ "ನಾರ್ಮಲ್ಲು, ಏನಿಲ್ಲ" ಅನ್ನುತ್ತಿದ್ದಾರೆ. ಮುಂದಿನ ಗುರುವಾರ ಅಪ್ಪ ಅಮ್ಮ ಇಬ್ಬರೂ ಬರಬೇಕು ಅಂದಿದ್ದಾರೆ ಕೌನ್ಸೆಲರ್. ರಜೆ ಸಿಗುವುದು ಕಷ್ಟ ಅಂತ ಭಾವ ಈಗಲೇ ರಾಗ ಎಳೆಯುತ್ತಿದ್ದಾರೆ. ಬಿಡುವವಳಲ್ಲ ನಾನು.