ಶೇಷವಿಲ್ಲದ ಮೂವತ್ತಾರು

16 ನವೆಂಬರ್ 2024, ಶನಿವಾರ
ಮೈಸೂರು, ರಾತ್ರಿ ಹನ್ನೊಂದೂಕಾಲು

ಇಂದು ಬೆಳಗ್ಗೆ ನಾನೇ ಮಾಡುತ್ತಿರುವ ಎಲೆಕ್ಟ್ರಿಕ್ ಗಿಟಾರಿನ ಕತ್ತಾದ ನೆಕ್‌ಗೆ ಫ್ರೆಟ್ ಎಂಬ ಲೋಹದ ಅಡ್ಡಪಟ್ಟಿಗಳನ್ನು ಬಡಿಯಬೇಕೆಂದು ಕುಳಿತವನು ಒಂದೇ ಒಂದು ಫ್ರೆಟ್ ಕೂಡ ಬಡಿಯದೆ ಎದ್ದೆ. ಸುತ್ತಿಗೆ ಎತ್ತುವ ಮೊದಲು ಕೊನೆಯ ಬಾರಿ ನೋಡಿಬಿಡೋಣವೆಂದು ಉಕ್ಕಿನ ಸ್ಕೇಲನ್ನು ನೆಕ್ಕಿನ ಬೀಟೆ ಹಲಗೆಯ ಮೇಲಿಟ್ಟಾಗ, ಫ್ರೆಟ್ ಕೂರಿಸಲು ಕೊಯ್ದ ಹನ್ನೆರಡನೆಯ ಸೀಳು 324 ಮಿಲಿಮೀಟರಿನ ಗೆರೆಗೆ ಬಂದಿರಲಿಲ್ಲ. 321 ದಾಟಿ, ಅರ್ಧಕ್ಕಿಂತ ಕೂದಲೆಳೆಯಷ್ಟು ಮುಂದೆ ನಿಂತಿತ್ತು. ತಂತಿಯ ಉದ್ದವನ್ನು 648 ಮಿಲಿಮೀಟರ್, ಅಂದರೆ ಫೆಂಡರ್ ಕಂಪನಿಯ ಗಿಟಾರುಗಳ ಇಪ್ಪತ್ತೈದೂವರೆ ಇಂಚಿನ ಅಳತೆಗೆ ಇಟ್ಟುಕೊಂಡ ಮೇಲೆ ಹನ್ನೆರಡನೆಯ ಫ್ರೆಟ್ ಅದರ ಸರಿಯರ್ಧದಲ್ಲಿ ಇರಲೇಬೇಕು. ಷಡ್ಜದಿಂದ ಮೇಲಿನ ಷಡ್ಜ ಹುಟ್ಟುವುದೇ ಅಲ್ಲಿ. ಉಳಿದ ಯಾವ ಸೀಳು ಎಲ್ಲಿದ್ದರೂ ವಾದ ಮಾಡಬಹುದು, ಹನ್ನೆರಡನೆಯದರ ವಿಷಯದಲ್ಲಿ ವಾದವಿಲ್ಲ.

ಸ್ಕೇಲಿನದೇ ತಪ್ಪಿರಬಹುದೆಂದು ಮಗಳ ಜಾಮಿಟ್ರಿ ಬಾಕ್ಸಿನಿಂದ ಇನ್ನೊಂದು ಸ್ಕೇಲು ತಂದು ಅಳೆದೆ. ಸ್ಕೇಲು ಬದಲಾಯಿತೇ ಹೊರತು ಅಳತೆ ಬದಲಾಗಲಿಲ್ಲ.

ಆಮೇಲೆ ಹಳೆಯ ನೋಟ್‌ಬುಕ್ ತೆಗೆದು ನೋಡಿದಾಗ ಎಲ್ಲವೂ ತಿಳಿಯಿತು. ಪ್ರತಿ ಫ್ರೆಟ್ಟಿನ ಜಾಗವನ್ನು ಕಂಡುಹಿಡಿಯಲು ಉಳಿದಿರುವ ತಂತಿಯ ಉದ್ದವನ್ನು 17.817ರಿಂದ ಭಾಗಿಸಬೇಕು. ಹನ್ನೆರಡು ಸಮಾನ ಮೆಟ್ಟಿಲುಗಳನ್ನು ಹತ್ತಿದಾಗ ಕಂಪನ ಸರಿಯಾಗಿ ಇಮ್ಮಡಿಯಾಗಬೇಕೆಂಬ ನಿಯಮದಿಂದ ಹುಟ್ಟಿದ ಸಂಖ್ಯೆ ಅದು. ಆದರೆ ಕಳೆದ ವರ್ಷ, ಇದನ್ನೆಲ್ಲ ಮಾಡುತ್ತೇನೆಂದು ನನಗೇ ನಂಬಿಕೆಯಿರದ ದಿನಗಳಲ್ಲಿ, ಪುಟದ ಮೂಲೆಯಲ್ಲಿ "648 ÷ 18 = 36" ಎಂದು ಬರೆದು ಅದರ ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಶೇಷವಿಲ್ಲದೆ ಬಂದ ಆ ಮೂವತ್ತಾರು ನನಗೆ ಎಷ್ಟು ಹಿಡಿಸಿತ್ತೆಂದರೆ, ಮುಂದಿನ ಪುಟದಲ್ಲಿ ನನ್ನದೇ ಅಕ್ಷರದಲ್ಲಿ 17.817 ಎಂಬ ಸಂಖ್ಯೆಯಿದ್ದರೂ ಕಂಪ್ಯೂಟರಿನ ಲೆಕ್ಕದ ಹಾಳೆಯಲ್ಲಿ ಹದಿನೆಂಟನ್ನೇ ತುಂಬಿದ್ದೇನೆ. ಮೊದಲ ಸೀಳಿನಲ್ಲಿ ಈ ವ್ಯತ್ಯಾಸ ಅರ್ಧ ಮಿಲಿಮೀಟರೂ ಇಲ್ಲ, ಕಣ್ಣಿಗೆ ಬೀಳಲಿಲ್ಲ. ಹನ್ನೆರಡನೆಯದಕ್ಕೆ ಬರುವಷ್ಟರಲ್ಲಿ ಅದು ಎರಡು ಮಿಲಿಮೀಟರ್ ದಾಟಿದೆ.

ಹದಿನೆಂಟು ಎಂಬುದು ನಾನೇ ಹುಟ್ಟಿಸಿದ ಸಂಖ್ಯೆಯಲ್ಲ ಎಂಬುದಷ್ಟೇ ಸಮಾಧಾನ. 1581ರಲ್ಲಿಯೇ ವಿಂಚೆಂಜೊ ಗೆಲಿಲಿ, ದೂರದರ್ಶಕದ ಗೆಲಿಲಿಯೊನ ತಂದೆ, ಯುರೋಪಿನ ಲ್ಯೂಟ್ ಎಂಬ ತಂತಿವಾದ್ಯದ ಫ್ರೆಟ್ಟುಗಳಿಗೆ 18:17ರ ಅನುಪಾತವನ್ನು ಹೇಳಿದ್ದರು, ಅದನ್ನು ನಂಬಿ ತಲೆಮಾರುಗಳವರೆಗೆ ವಾದ್ಯಗಳು ತಯಾರಾದವು. ಆದರೆ ಲ್ಯೂಟಿನ ಫ್ರೆಟ್ಟುಗಳೆಂದರೆ ವಾದ್ಯದ ಕತ್ತಿಗೆ ಸುತ್ತಿ ಗಂಟು ಹಾಕಿದ ಕರುಳಿನ ದಾರಗಳು. ಕಿವಿಗೆ ಒಪ್ಪದಿದ್ದರೆ ಬೆರಳಿನಿಂದ ಅತ್ತಿತ್ತ ಸರಿಸಿದರೆ ಆಯಿತು. ನಾನು ಮೂರು ಭಾನುವಾರಗಳನ್ನು ತೆತ್ತು, ಉಸಿರು ಬಿಗಿಹಿಡಿದು, ಅರ್ಧ ಮಿಲಿಮೀಟರಿಗಿಂತ ಚೂರು ಅಗಲದ ಇಪ್ಪತ್ತೆರಡು ಸೀಳುಗಳನ್ನು ಬೀಟೆಯಲ್ಲಿ ಕೊಯ್ದಿದ್ದೇನೆ. ಆಯುಧಪೂಜೆಯ ಕುಂಕುಮ ಇನ್ನೂ ಆ ಗರಗಸದ ಹಿಡಿಯ ಮೇಲಿದೆ. ಅದನ್ನು ನೋಡಿದಾಗ ಬಂದ ಸಿಟ್ಟು ಯಾರ ಮೇಲೆ ಎಂದು ಗೊತ್ತಾಗದೆ ಮಧ್ಯಾಹ್ನದ ಊಟವನ್ನೇ ಬಿಟ್ಟೆ.

ಹಲಗೆ ಹೋದರೆ ಇನ್ನೊಂದು ಎಂದು ಸುಲಭವಾಗಿ ಹೇಳುವಂತೆಯೂ ಇಲ್ಲ. ಈ ತುಂಡು ಪೀಠೋಪಕರಣ ಮಾಡುವವರೊಬ್ಬರ ಬಳಿ ಮೇಜಿನ ಕೆಲಸ ಮುಗಿದ ಮೇಲೆ ಉಳಿದದ್ದು. ಅಷ್ಟು ನೇರವಾದ ಎಳೆ, ಅಷ್ಟು ಒಣಗಿದ ಮರ ಮತ್ತೆ ಸಿಗುವುದೆಂಬ ಭರವಸೆಯಿಲ್ಲ. ನಮ್ಮ ಪಶ್ಚಿಮಘಟ್ಟದ ಬೀಟೆ ಅಮೆರಿಕದ ಗಿಟಾರುಗಳ ಬೆರಳ ಹಲಗೆಯಾಗಿ ಜಗತ್ತೆಲ್ಲ ಸುತ್ತುತ್ತದೆ. 2017ರಲ್ಲಿ ಬೀಟೆಯ ಇಡೀ ಕುಲವನ್ನೇ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣಕ್ಕೆ ಒಳಪಡಿಸಿದಾಗ ಗಡಿ ದಾಟುವ ಗಿಟಾರಿಗೂ ಕಾಗದಪತ್ರ ಬೇಕಾಯಿತು, 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಅಷ್ಟು ದೊಡ್ಡ ಮಾತುಗಳ ನಡುವೆ ನನ್ನ ಕೈಗೆ ಬಂದದ್ದು ಎರಡು ಗೇಣಿಗಿಂತ ಚೂರು ಹೆಚ್ಚು ಉದ್ದದ ಒಂದು ಪಟ್ಟಿ, ಅದನ್ನೂ ಹದಿನೆಂಟರಿಂದ ಭಾಗಿಸಿಬಿಟ್ಟೆ.

ಸಂಜೆ ನಾಲ್ಕಕ್ಕೆ ದೊಡ್ಡಮ್ಮನ ವೀಣೆಗೆ ಮೇಳ ಕಟ್ಟಲು, ಅಂದರೆ ವೀಣೆಯ ಫ್ರೆಟ್ಟುಗಳಾದ ಮೆಟ್ಟಿಲುಗಳನ್ನು ಹೊಸ ಮೇಣದಲ್ಲಿ ಕೂರಿಸಲು, ಆಚಾರ್ರು ಬಂದರು. ಎರಡು ವರ್ಷದಿಂದ ಕಟ್ಟಿಸಿರಲಿಲ್ಲ. ಮೇಣ ಒಣಗಿ ಬಿರುಕು ಬಿಟ್ಟು, ಕೆಲವು ಮೆಟ್ಟಿಲುಗಳು ಬೆರಳಿಟ್ಟರೆ ಅಲ್ಲಾಡುತ್ತಿದ್ದವು. ಅವರು ಹಳೆಯ ಮೇಣವನ್ನು ಕೆತ್ತಿ ತೆಗೆದು, ಜೇನುಮೇಣಕ್ಕೆ ಮಸಿ ಬೆರೆಸಿದ ಹೊಸ ಮೇಣವನ್ನು ದಂಡಿಯ ಎರಡೂ ಅಂಚಿಗೆ ಕಟ್ಟಿ, ಒಂದೊಂದೇ ಹಿತ್ತಾಳೆಯ ಮೆಟ್ಟಿಲನ್ನು ಕೂರಿಸುತ್ತ, ತಂತಿ ಮೀಟಿ ಕೇಳುತ್ತ, ಹೆಬ್ಬೆರಳಿನಿಂದ ಅತ್ತ ಒಂದು ಎಳೆ, ಇತ್ತ ಒಂದು ಎಳೆ ಒತ್ತುತ್ತಿದ್ದರು. ಇಪ್ಪತ್ತನಾಲ್ಕು ಮೆಟ್ಟಿಲುಗಳಿಗೆ ಒಂದು ಸ್ಕೇಲಿಲ್ಲ, ಒಂದು ಗೆರೆಯಿಲ್ಲ. ನನಗೆ ಅಲ್ಲಿಂದ ಎದ್ದು ಹೋಗಬೇಕೆನ್ನಿಸಿತು, ಹೋಗಲಾಗಲಿಲ್ಲ. ಕೊನೆಗೆ ಅವರು ಕಾಫಿ ಕುಡಿಯಲು ಕೈ ತೊಳೆದು ಬಂದಾಗ ನನ್ನ ಕಥೆಯನ್ನು ಹೇಳಿಬಿಟ್ಟೆ.

"ಎಲ್ಲಿ, ತನ್ನಿ ನೋಡೋಣ" ಎಂದರು.

ನೆಕ್ಕನ್ನೂ ಹಲಸಿನ ಒಡಲನ್ನೂ ಎರಡು ಕೈಯಲ್ಲಿ ಹಿಡಿದು ತಂದೆ. ಅವರು ಮೊದಲು ನೋಡಿದ್ದು ಸೀಳುಗಳನ್ನಲ್ಲ, ಒಡಲನ್ನು. ಬೆರಳಿನ ಗಿಣ್ಣಿನಿಂದ ತಟ್ಟಿದರು, ತಿರುಗಿಸಿದರು, ದನಿ ಹಿಡಿಯುವ ಪಿಕಪ್ ಕೂರಿಸಲು ಕೊರೆದ ಗುಳಿಯೊಳಗೆ ಬೆರಳಿಟ್ಟರು.

"ಹಲಸು ಚೆನ್ನಾಗಿದೆ. ಆದರೆ ಇದಕ್ಕೆ ಕೊಡ ಎಲ್ಲಿದೆ ಸ್ವಾಮಿ? ಪೂರ್ತಿ ಗಟ್ಟಿ ಮರ."

"ದನಿ ಮೊಳಗಿಸುವ ಟೊಳ್ಳು ಕೊಡ ಬೇಕಿಲ್ಲ ಆಚಾರ್ರೇ. ತಂತಿಯ ಕೆಳಗೆ ಅಯಸ್ಕಾಂತವಿರುತ್ತದೆ, ಅದರ ಸುತ್ತ ತಾಮ್ರದ ತಂತಿ ಸುತ್ತಿರುತ್ತದೆ. ಉಕ್ಕಿನ ತಂತಿ ಅದುರಿದರೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಸ್ಪೀಕರಿನಲ್ಲಿ ಕೇಳುವುದು ಅದನ್ನೇ."

"ಹಾಗಾದರೆ ಮರದ ಕೆಲಸವೇನು?"

ಈ ಪ್ರಶ್ನೆಗೆ ಗಿಟಾರ್ ಮಾಡುವವರು ಇಂದಿಗೂ ಜಗಳವಾಡುತ್ತಾರೆಂದು ಹೇಳಿ ತಪ್ಪಿಸಿಕೊಂಡೆ. ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್ ನಾಲ್ಕು ಇಂಚು ಚೌಕದ ಪೈನ್ ಮರದ ತೊಲೆಗೇ ತಂತಿ ಕಟ್ಟಿ ನುಡಿಸಿದ್ದನ್ನೂ, ಅದು ಗಿಟಾರಿನಂತೆ ಕಾಣಲೆಂದು ಬೇರೊಂದು ಗಿಟಾರನ್ನು ಉದ್ದಕ್ಕೆ ಸೀಳಿ ಎರಡು ಪಕ್ಕಕ್ಕೆ ರೆಕ್ಕೆಗಳಂತೆ ಅಂಟಿಸಿದ್ದನ್ನೂ ಹೇಳಿದಾಗ ಅವರು ಕಾಫಿ ಲೋಟವನ್ನು ಕೆಳಗಿಟ್ಟು ನಕ್ಕರು. ಪಿಕಪ್ಪಿನ ಸುರುಳಿಯನ್ನೂ ತೋರಿಸಿದೆ. ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಕುಳಿತು 42 ಗೇಜಿನ ತಂತಿಯನ್ನು ಸುಮಾರು ಎಂಟು ಸಾವಿರ ಸುತ್ತು ಸುತ್ತಿದ ಆ ಕಥೆಯನ್ನು ಹಿಂದೆಯೇ ಬರೆದಿದ್ದೇನೆ, ಇಲ್ಲಿ ಮತ್ತೆ ಬೇಡ. ಆಚಾರ್ರು ಅದನ್ನು ಬೆಳಕಿಗೆ ಹಿಡಿದು, ಕೂದಲಿಗಿಂತ ಸಣ್ಣ ಎಳೆ ಎಂದು ದೊಡ್ಡಮ್ಮನಿಗೂ ತೋರಿಸಿದರು.

ಆಮೇಲೆ ಸೀಳುಗಳ ಸರದಿ ಬಂತು. ಅವರು ಹೆಬ್ಬೆರಳಿನ ಉಗುರನ್ನು ಮೊದಲ ಸೀಳಿನಿಂದ ಕೊನೆಯ ಸೀಳಿನವರೆಗೆ ಎಳೆದುಕೊಂಡು ಹೋದರು. ಉಗುರು ಪ್ರತಿ ಸೀಳಿನಲ್ಲೂ ಟಿಕ್ ಎಂದಿತು.

"ಕೊಯ್ತ ಶುದ್ಧವಾಗಿದೆ. ತಪ್ಪೆಂದು ನಿಮಗೆ ಹೇಳಿದ್ದು ಯಾರು?"

"ಸ್ಕೇಲು."

"ತಂತಿ ಕಟ್ಟಿ ಕೇಳಿದಿರಾ?"

"ಫ್ರೆಟ್ಟೇ ಹಾಕಿಲ್ಲ, ಕೇಳುವುದು ಹೇಗೆ?"

"ಕೋಲಿನಲ್ಲಿ ಅಳೆದದ್ದು ಕೋಲಿಗೆ ಸರಿ ಸ್ವಾಮಿ. ಮೊದಲು ತಂತಿ ಕಟ್ಟಿ."

ನೆಕ್ಕನ್ನು ಒಂದು ಉದ್ದ ಹಲಗೆಯ ಮೇಲಿಟ್ಟು ಎರಡು ಸಿ-ಕ್ಲಾಂಪಿನಲ್ಲಿ ಬಿಗಿದೆ. ಒಂದು ಬಿರಡೆಯನ್ನು ಮೊನ್ನೆಯೇ ಕೂರಿಸಿ ನೋಡಿದ್ದರಿಂದ ಆ ಕೆಲಸ ಉಳಿಯಿತು. ಹಲಗೆಯ ತುದಿಗೆ ಮೊಳೆ ಹೊಡೆದು ತೀರ ಸಣ್ಣ ತಂತಿಯನ್ನು ಎಳೆದು ಕಟ್ಟಿದೆವು. ತಂತಿ ಹೊರಡುವ ಮೇಲುತುದಿಯ ಮೇರುವಿನ ಜಾಗಕ್ಕೆ ಆಚಾರ್ರು ತಮ್ಮ ಚೀಲದಿಂದ ದೊಡ್ಡಮ್ಮನ ವೀಣೆಯದೇ ಸವೆದ ಹಿತ್ತಾಳೆಯ ಮೆಟ್ಟಿಲೊಂದನ್ನು ಕೊಟ್ಟರು. ಇನ್ನೊಂದು ತುದಿಯಲ್ಲಿ ತಂತಿಯನ್ನು ಹೊರುವ ಕುದುರೆಯ ಜಾಗಕ್ಕೆ ನನ್ನ ಬಡಗಿ ಪೆನ್ಸಿಲ್. 5, 7, 12, 17 ಮತ್ತು 22ನೆಯ ಸೀಳುಗಳಿಗೆ ಫ್ರೆಟ್ ತಂತಿಯ ತುಂಡುಗಳನ್ನು ಬೆರಳಿನಿಂದಲೇ ಒತ್ತಿ ನಿಲ್ಲಿಸಿದೆ. ನೋಡಲು ಮಕ್ಕಳ ಆಟದ ಸಾಮಾನಿನಂತಿತ್ತು. ಮೀಟಿದರೆ ಸೊಳ್ಳೆಯ ದನಿ. ಅವರು ಕಿವಿಯನ್ನೇ ಹಲಗೆಗೆ ಹಚ್ಚಿ ಮಲಗಿದರು. ದೊಡ್ಡಮ್ಮ ಟಿವಿ ಆರಿಸಿದರು.

ಪೆನ್ಸಿಲ್ಲನ್ನು ನಾನು 648ರ ಮೇಲೆಯೇ ಇಟ್ಟಿದ್ದೆ. ಹನ್ನೆರಡನೆಯ ಫ್ರೆಟ್ ಒತ್ತಿ ಮೀಟಿದ ಕೂಡಲೇ ಅವರು ತಲೆ ಅಲ್ಲಾಡಿಸಿ "ಇಳಿದಿದೆ" ಎಂದರು. ನಿಜ, ಸೀಳು ಮೇರುವಿನ ಕಡೆಗೆ ಸರಿದಿರುವುದರಿಂದ ಅದರ ಆಚೆಗೆ ಉಳಿಯುವ ತಂತಿ ಉದ್ದವಾಗುತ್ತದೆ, ಸ್ವರ ಇಳಿಯುತ್ತದೆ. ಅವರು ನನ್ನನ್ನು ಕೇಳದೆಯೇ ಪೆನ್ಸಿಲ್ಲನ್ನು ಮುಂದಕ್ಕೆ ತಳ್ಳಿದರು. ಬಿಡಿ ತಂತಿ, ಹನ್ನೆರಡನೆಯ ಫ್ರೆಟ್, ಮತ್ತೆ ಬಿಡಿ ತಂತಿ, ಒಂದು ಎಳೆ ಹಿಂದಕ್ಕೆ, ಮತ್ತೆ ಮೀಟು. ಐದಾರು ಸಲ ಆದ ಮೇಲೆ ಕೈ ತೆಗೆದರು.

"ಕೂತಿತು. ನಿಮ್ಮ ದಂಡಿಗೆ ಏನೂ ಆಗಿಲ್ಲ, ಕುದುರೆ ಮುಂದೆ ಬರಬೇಕು ಅಷ್ಟೇ."

ಐದು ಸರಿ. ಏಳು ಸರಿ. ನನ್ನ ಮುಖದಲ್ಲಿ ಏನು ಕಂಡಿತೋ, ದೊಡ್ಡಮ್ಮ ಅಡುಗೆಮನೆಗೆ ಹೋಗಿ ಮಧ್ಯಾಹ್ನದ ಹುಳಿಯನ್ನು ಬಿಸಿಗಿಟ್ಟು ಬಂದರು. ಹದಿನೇಳಕ್ಕೆ ಆಚಾರ್ರು ಒಂದು ಕ್ಷಣ ಸುಮ್ಮನಿದ್ದರು. ಇಪ್ಪತ್ತೆರಡಕ್ಕೆ ಹಲ್ಲಿಗೆ ಕಲ್ಲು ಸಿಕ್ಕವರಂತೆ ಮುಖ ಮಾಡಿದರು.

"ಮೇಲೆ ಹೋದಂತೆ ಏರುತ್ತದೆ. ಹದಿನೇಳು ನಡೆಯುತ್ತದೆ. ಇದು ನಡೆಯುವುದಿಲ್ಲ. ನಮ್ಮದಾಗಿದ್ದರೆ ಮೇಣ ಕಾಯಿಸಿ ಒಂದು ಎಳೆ ಹಿಂದಕ್ಕೆ ತಳ್ಳುತ್ತಿದ್ದೆ. ಇದರಲ್ಲಿ ಮೇಣವೇ ಇಲ್ಲವಲ್ಲ."

ಅವರು ಇಷ್ಟು ಹೇಳಿ ವೀಣೆಯ ಕಡೆಗೆ ತಿರುಗಿದರು. ಅಲ್ಲಿ ಇನ್ನೂ ಏಳು ಮೆಟ್ಟಿಲುಗಳು ಬಾಕಿ ಇದ್ದವು. ದುಡ್ಡು ಎಷ್ಟು ಕೊಡಲೆಂದು ಕೇಳಿದ್ದಕ್ಕೆ ವೀಣೆಯದನ್ನು ಅಮ್ಮಾವ್ರು ಕೊಡುತ್ತಾರೆ, ನಿಮ್ಮದು ಮುಗಿದ ಮೇಲೆ ಒಂದು ಸಲ ಕೇಳಿಸಿ ಎಂದರು.

ಅವರು ಹೋದ ಮೇಲೆ ಕುಳಿತು ಲೆಕ್ಕ ಹಾಕಿದೆ. ಹದಿನೆಂಟರ ನಿಯಮದಲ್ಲಿ ಕೊಯ್ದ ನನ್ನ ಹನ್ನೆರಡನೆಯ ಸೀಳು 321.6ರಲ್ಲಿದೆ, ಅದು ಅರ್ಧವಾಗಬೇಕಾದರೆ ತಂತಿಯ ಉದ್ದ 643.3 ಇರಬೇಕು, ಎಂದರೆ ಕುದುರೆ ಐದು ಮಿಲಿಮೀಟರಿಗೆ ಕೊಂಚ ಕಡಿಮೆ ಮುಂದೆ ಬರಬೇಕು. ಪೆನ್ಸಿಲ್ ನಿಂತಿದ್ದ ಜಾಗವನ್ನು ಅಳೆದಾಗ 644 ಬಂತು. ಆ ಮುಕ್ಕಾಲು ಮಿಲಿಮೀಟರಿನ ವ್ಯತ್ಯಾಸ ಅವರ ಕಿವಿಯ ತಪ್ಪಲ್ಲ. ಬೆರಳಿನಿಂದ ಒತ್ತಿದಾಗ ತಂತಿ ಕೊಂಚ ಬಿಗಿದು ಸ್ವರ ಏರುವುದರಿಂದ ಲೆಕ್ಕಕ್ಕಿಂತ ಉದ್ದವಾದ ತಂತಿಯೇ ಬೇಕು, ಎಲ್ಲ ಗಿಟಾರುಗಳಲ್ಲೂ ಕುದುರೆಯನ್ನು, ಅಂದರೆ ಬ್ರಿಡ್ಜನ್ನು, ಲೆಕ್ಕದ ಜಾಗಕ್ಕಿಂತ ಹಿಂದೆ ಇಡುವುದು ಇದಕ್ಕಾಗಿಯೇ. ನಾನು ಕಾಗದದಲ್ಲಿ ಓದಿದ್ದನ್ನು ಅವರು ಪೆನ್ಸಿಲ್ ತಳ್ಳಿ ಕಂಡುಕೊಂಡರು. ಹೊಸ ಉದ್ದಕ್ಕೆ ಐದನೆಯ ಸೀಳಿನ ತಪ್ಪು 0.3 ಮಿಲಿಮೀಟರ್, ಯಾರಿಗೂ ಕೇಳದು. ಇಪ್ಪತ್ತೆರಡನೆಯದರದ್ದು ಒಂದು ಮಿಲಿಮೀಟರಿಗೆ ಹತ್ತಿರ. ಅಲ್ಲಿ ಉಳಿಯುವ ತಂತಿಯೇ ಗಿಡ್ಡವಾದ್ದರಿಂದ ಅದು ಒಂಬತ್ತು ಸೆಂಟ್ ಏರಿಕೆಯಾಗುತ್ತದೆ, ಅಂದರೆ ಅರ್ಧಸ್ವರದ ಹತ್ತನೆಯ ಒಂದು ಭಾಗಕ್ಕೆ ಹತ್ತಿರ. ಆಚಾರ್ರ ಮುಖ ಕಿವುಚಿದ್ದು ಆ ಒಂಬತ್ತು ಸೆಂಟಿಗೆ.

ಬ್ರಿಡ್ಜಿಗೆ ಇನ್ನೂ ತೂತು ಕೊರೆದಿಲ್ಲವೆಂಬುದು ಪುಣ್ಯ. ಮೇಲಿನ ಐದಾರು ಸೀಳುಗಳನ್ನು ಬೀಟೆಯದೇ ತೆಳು ಚಕ್ಕೆಯಿಂದ ಮುಚ್ಚಿ ಪಕ್ಕದಲ್ಲಿ ಹೊಸದಾಗಿ ಕೊಯ್ಯಬಹುದು. ಕ್ವೀನ್ ಬ್ಯಾಂಡಿನ ಗಿಟಾರ್ ವಾದಕ ಬ್ರಯಾನ್ ಮೇ ಮತ್ತು ಅವರ ತಂದೆ 1963ರಲ್ಲಿ ಹಳೆಯ ಅಗ್ಗಿಷ್ಟಿಕೆಯ ಮಹಾಗನಿ ಮರದಿಂದ ಗಿಟಾರಿನ ನೆಕ್ ಮಾಡಲು ಹೊರಟಾಗ ಅದರಲ್ಲಿದ್ದ ಹುಳುಕಿನ ತೂತುಗಳನ್ನು ಬೆಂಕಿಕಡ್ಡಿಯಿಂದ ತುಂಬಿದ್ದರು, ಆ ಗಿಟಾರು ಇಂದಿಗೂ ನುಡಿಯುತ್ತಿದೆ. ಅಥವಾ ಇಡೀ ನೆಕ್ಕನ್ನೇ ಬಿಟ್ಟು ಇನ್ನೊಂದನ್ನು ಮಾಡಬಹುದು. ಲಿಯೊ ಫೆಂಡರ್ ಮೂಲತಃ ರೇಡಿಯೊ ರಿಪೇರಿಯವರು, ಗಿಟಾರ್ ನುಡಿಸಲು ಬಾರದವರು. ಕೆಟ್ಟ ಭಾಗವನ್ನು ಬಿಚ್ಚಿ ಬೇರೆ ಹಾಕುವ ಅಭ್ಯಾಸದಿಂದಲೇ ಇರಬೇಕು, 1950ರಲ್ಲಿ ಅವರು ಮಾರುಕಟ್ಟೆಗೆ ತಂದ ಗಿಟಾರಿನಲ್ಲಿ ನೆಕ್ಕನ್ನು ಅಂಟಿಸದೆ ನಾಲ್ಕು ಸ್ಕ್ರೂಗಳಿಂದ ಬಿಗಿದಿದ್ದರು. ನನ್ನದೂ ಅದೇ ಮಾದರಿ. ಇದನ್ನು ಆಚಾರ್ರಿಗೆ ಹೇಳಬೇಕಿತ್ತು, ನೆನಪಾದದ್ದು ಅವರ ಸ್ಕೂಟರು ಬೀದಿ ದಾಟಿದ ಮೇಲೆ.

ನಾನು ಇಪ್ಪತ್ತೆರಡನೆಯ ಫ್ರೆಟ್ಟಿನವರೆಗೆ ಬೆರಳು ಒಯ್ಯುವುದು ವರ್ಷಕ್ಕೆ ಎಷ್ಟು ಸಲ? ಪ್ರಾಮಾಣಿಕವಾಗಿ ಹೇಳುವುದಾದರೆ ಅಂಗಡಿಗಳಲ್ಲಿ, ಕೊಳ್ಳದ ಗಿಟಾರುಗಳ ಮೇಲೆ. ಇದನ್ನೇ ಹೆಂಡತಿಗೆ ಹೇಳಿದಾಗ ಹಾಗಾದರೆ ಹದಿನೇಳಕ್ಕೇ ನಿಲ್ಲಿಸಿ ಎಂದಳು, ತಮಾಷೆಗೋ ನಿಜಕ್ಕೋ ತಿಳಿಯಲಿಲ್ಲ. ಆದರೆ ಯಾರೂ ಮುಟ್ಟದ ಜಾಗದಲ್ಲಿ ಒಂಬತ್ತು ಸೆಂಟ್ ಇದೆಯೆಂದು ಗೊತ್ತಿದ್ದೂ ಮುಂದುವರಿಯುವುದಾದರೆ ಅಂಗಡಿಯಲ್ಲಿ ಕೊಳ್ಳುವುದನ್ನು ಬಿಟ್ಟು ಇದಕ್ಕೆ ಇಳಿದದ್ದು ಏಕೆ?

ನಾಳೆ ಭಾನುವಾರ, ಮರದ ಡಿಪೋ ತೆರೆಯುವುದಿಲ್ಲ. ನೆಕ್ಕನ್ನು ಹಲಗೆಯಿಂದ ಇನ್ನೂ ಬಿಚ್ಚಿಲ್ಲ. ರಾತ್ರಿಯೆಲ್ಲ ತಂತಿ ಬಿಗಿದಿರುವುದು ಒಳ್ಳೆಯದಲ್ಲ, ಮಲಗುವ ಮೊದಲು ಸಡಿಲಿಸಬೇಕು. ಈಗಷ್ಟೇ ಹೋಗಿ ಕಿವಿಯನ್ನು ಹಲಗೆಗೆ ಹಚ್ಚಿ ಇಪ್ಪತ್ತೆರಡನೆಯದನ್ನು ಮತ್ತೊಮ್ಮೆ ಮೀಟಿದೆ. ನನಗೆ ಏರಿದಂತೆ ಕೇಳಲಿಲ್ಲ. ಒಳಗಿನ ಕೋಣೆಯಲ್ಲಿ ದೊಡ್ಡಮ್ಮ ಹೊಸ ಮೇಳದ ಮೇಲೆ ತೀರ ಮೆಲ್ಲಗೆ ಸರಳೆ ನುಡಿಸುತ್ತಿದ್ದಾರೆ, ಅವರನ್ನೇ ಕರೆದು ಕೇಳಿಸಿದರೆ